ಗಣಕಯಂತ್ರದ ಮೆನು: ಕೆಲಸಕ್ಕೊಂದು ಕೇರಿ

ಆಳುಪರ ರಾಜಧಾನಿಯಾಗಿ, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರವಾಗಿ ಮೆರೆದ ಬಾರ್ಕೂರಿನಲ್ಲಿ ಕೇರಿಗಳ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂದರೆ ಹೊಸಬರಿಗೂ ದಾರಿ ತಪ್ಪುವುದಿಲ್ಲ. ನಮ್ಮ ಅಂಗಡಿ, ಕಾರ್ಖಾನೆಗಳ ಗಣಕಯಂತ್ರಗಳಲ್ಲಿ ಮಾತ್ರ ಇಂತಹ ಅಚ್ಚುಕಟ್ಟು ಅಪರೂಪ.

ಈ ಭಾಗದ ವರ್ತಕರೊಬ್ಬರ ಅನುಭವ ಇದಕ್ಕೆ ನಿದರ್ಶನ. ಅವರ ಗಣಕಯಂತ್ರದ ಪರದೆಯ ಮೇಲೆ ಹಳೆಯ ವರ್ಷದ ಹಾಗೂ ಹೊಸ ವರ್ಷದ ಲೆಕ್ಕದ ಕಡತಗಳು ಒಂದೇ ಹೆಸರಿನಲ್ಲಿದ್ದವು. ಗುಮಾಸ್ತರು ಏಪ್ರಿಲ್ ತಿಂಗಳ ಹನ್ನೆರಡು ದಿನಗಳ ಮಾರಾಟವನ್ನು ಹಳೆಯ ಕಡತದಲ್ಲಿ ನಮೂದಿಸಿದರು. ತಿಂಗಳ ರಿಟರ್ನ್ ತಯಾರಿಸುವಾಗ ತಪ್ಪು ಕಂಡಿತು. ಕಾಣದೇ ಹೋಗಿದ್ದರೆ ಕಡಿಮೆ ಪಾವತಿಸಿದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ ತೆರಬೇಕಾಗುತ್ತಿತ್ತು. ಗುಮಾಸ್ತರು ಅಜಾಗರೂಕರಲ್ಲ, ವ್ಯವಸ್ಥೆಯೇ ದೋಷಪೂರ್ಣವಾಗಿತ್ತು.

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಯಂತ್ರಗಳನ್ನು ಬಿಸಾಡದೆ, ಪರವಾನಗಿ ಶುಲ್ಕವಿಲ್ಲದ ಲಿನಕ್ಸ್ ಅಳವಡಿಸಿ ಬಳಸಬಹುದು. ಹಾಗೆ ಬದಲಾಯಿಸುವವರು ಮೊದಲ ದಿನವೇ ಮೆನುವನ್ನು ತಮ್ಮ ಕೆಲಸಕ್ಕೆ ತಕ್ಕಂತೆ ಜೋಡಿಸಿಕೊಳ್ಳುವುದು ಲೇಸು.

ಲಿನಕ್ಸ್‌ನಲ್ಲಿ ಮೆನುವಿನ ಪ್ರತಿಯೊಂದು ನಮೂದಿನ ಹಿಂದೆಯೂ ಒಂದು ಚಿಕ್ಕ ಪಠ್ಯಕಡತವಿರುತ್ತದೆ. ತಂತ್ರಾಂಶದ ಹೆಸರು, ಅದನ್ನು ತೆರೆಯುವ ಆದೇಶ, ಚಿತ್ರ ಹಾಗೂ ವರ್ಗ ಅದರಲ್ಲಿ ದಾಖಲಾಗಿರುತ್ತವೆ. ಇದನ್ನು ಕೈಯಿಂದ ತಿದ್ದಬೇಕೆಂದಿಲ್ಲ. ಲಿನಕ್ಸ್ ಮಿಂಟ್‌ನಲ್ಲಿ ಮೆನು ಸಂಪಾದಕ ಜೊತೆಗೇ ಬರುತ್ತದೆ. ಕೆಡಿಇ ಪರದೆಗೆ ಅದರದೇ ಸಂಪಾದಕವಿದೆ. ಎಕ್ಸ್‌ಎಫ್‌ಸಿಇ ಬಳಸುವವರಿಗೆ ಮೆನುಲಿಬ್ರೆ ಇದೆ. ಇವುಗಳಲ್ಲಿ ಮಾಡಿದ ಬದಲಾವಣೆ ಆಯಾ ಬಳಕೆದಾರರ ಕಡತಕೋಶದಲ್ಲಿ ಉಳಿಯುವುದರಿಂದ ತಂತ್ರಾಂಶ ನವೀಕರಣಗೊಂಡರೂ ಅಳಿಯುವುದಿಲ್ಲ.

ಮಾಡಬೇಕಾದ ಕೆಲಸಗಳು ನಾಲ್ಕು.

ಒಂದು, ಆಟ, ಸಂಗೀತ ಮುಂತಾದ ಬೇಡದ ನಮೂದುಗಳನ್ನು ಮರೆಮಾಡುವುದು. ಇದರಿಂದ ತಂತ್ರಾಂಶ ಅಳಿಯದು. ಬೇಕೆಂದಾಗ ಮತ್ತೆ ಕಾಣಿಸಬಹುದು.

ಎರಡು, ಬಿಲ್ಲು, ಲೆಕ್ಕ, ತೆರಿಗೆ, ಪತ್ರವ್ಯವಹಾರ ಎಂದು ಕೆಲಸವಾರು ವರ್ಗಗಳನ್ನು ರಚಿಸುವುದು.

ಮೂರು, ತಂತ್ರಾಂಶದ ಹೆಸರಿನ ಬದಲು ಕೆಲಸದ ಹೆಸರನ್ನು ಕನ್ನಡದಲ್ಲೇ ಬರೆಯುವುದು. ಲಿಬ್ರೆಆಫೀಸ್ ಕ್ಯಾಲ್ಕ್ ಎಂಬುದಕ್ಕಿಂತ ‘ದಾಸ್ತಾನು ಪಟ್ಟಿ’ ಎಂಬುದು ಹೊಸ ಗುಮಾಸ್ತರಿಗೆ ಬೇಗ ಅರ್ಥವಾಗುತ್ತದೆ.

ನಾಲ್ಕು, ನೇರ ನಮೂದುಗಳನ್ನು ಸೇರಿಸುವುದು. ಆದೇಶದ ಜಾಗದಲ್ಲಿ ಫೈರ್‌ಫಾಕ್ಸ್‌ನ ಹೆಸರು, ಅದರ ಮುಂದೆ ಜಿಎಸ್‌ಟಿ ಜಾಲತಾಣದ ವಿಳಾಸ ಬರೆದರೆ ಒಂದೇ ಒತ್ತಿಗೆ ಸರಿಯಾದ ತಾಣ ತೆರೆಯುತ್ತದೆ. ಹುಡುಕಾಟದಲ್ಲಿ ನಕಲಿ ತಾಣಕ್ಕೆ ಬೀಳುವ ಅಪಾಯ ತಗ್ಗುತ್ತದೆ. ಅಂತೆಯೇ ಗ್ನೂಕ್ಯಾಶ್‌ನ ಹೆಸರಿನ ಮುಂದೆ ಈ ವರ್ಷದ ಕಡತದ ವಿಳಾಸವನ್ನು ಬರೆದು, ನಮೂದಿಗೆ ವರ್ಷದ ಹೆಸರಿಡಬಹುದು. ಪ್ರತಿ ಏಪ್ರಿಲ್ 1ರಂದು ಹೊಸ ಖಾತೆ ಪುಸ್ತಕಕ್ಕೆ ಪೂಜೆ ಸಲ್ಲಿಸುವಷ್ಟೇ ಶ್ರದ್ಧೆಯಿಂದ ಈ ನಮೂದನ್ನೂ ಬದಲಾಯಿಸಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೆನುವಿನಿಂದ ಮರೆಮಾಡಿದ ಮಾತ್ರಕ್ಕೆ ಬೀಗ ಹಾಕಿದಂತಾಗುವುದಿಲ್ಲ. ಗೋಪ್ಯ ಲೆಕ್ಕಗಳಿಗೆ ಪ್ರತ್ಯೇಕ ಬಳಕೆದಾರ ಖಾತೆ ಮತ್ತು ಗುಪ್ತಪದ ಇರಲೇಬೇಕು. ಎರಡನೆಯದಾಗಿ, ಈಗ ಬಳಸುತ್ತಿರುವ ಲೆಕ್ಕದ ತಂತ್ರಾಂಶ ಹಾಗೂ ಡಿಜಿಟಲ್ ಸಹಿಯ ಸಾಧನ ಲಿನಕ್ಸ್‌ನಲ್ಲಿ ನಡೆಯುತ್ತವೆಯೇ ಎಂದು ಮೊದಲು ಪರೀಕ್ಷಿಸಬೇಕು. ಕಂಪನಿಯಾಗಿ ನೋಂದಾಯಿತರಾದವರ ಲೆಕ್ಕದ ತಂತ್ರಾಂಶದಲ್ಲಿ, 2023ರ ಏಪ್ರಿಲ್ 1ರಿಂದ, ತಿದ್ದುಪಡಿಗಳ ಜಾಡನ್ನು ದಾಖಲಿಸುವ ಸೌಲಭ್ಯ ಕಡ್ಡಾಯವಾಗಿದೆ ಎಂಬುದನ್ನೂ ಮರೆಯಬಾರದು.

ಅರ್ಧ ದಿನದ ಈ ಕೆಲಸಕ್ಕೆ ತಗಲುವ ಹಣ ಶೂನ್ಯ. ಗುಮಾಸ್ತರು ಬದಲಾದರೂ ವ್ಯವಸ್ಥೆ ಉಳಿಯುತ್ತದೆ. ಗಲ್ಲಾಪೆಟ್ಟಿಗೆಯಲ್ಲಿ ನೋಟು, ಚಿಲ್ಲರೆಗೆ ಬೇರೆ ಬೇರೆ ಖಾನೆ ಮಾಡಿಕೊಂಡಿರುವ ವರ್ತಕರಿಗೆ ಇದರ ಪ್ರಯೋಜನವನ್ನು ಹೆಚ್ಚು ವಿವರಿಸಬೇಕಾಗಿಲ್ಲ.