ಮಳೆಗಾಲದ ದಾರಿಗೆ ಹೊಸ ಟಾಯರು

ಮೃಗಶಿರಾ ಮಳೆ ಹಿಡಿಯುವ ಮೊದಲು ಮಾಳಿಗೆಗೆ ಮಣ್ಣು ಹೊದಿಸುವುದು, ಕೂರಿಗೆಯ ತಾಳು ಸರಿಪಡಿಸುವುದು, ಬೀಜ ಹಸನು ಮಾಡಿಡುವುದು ಹಿರಿಯರಿಂದ ನಡೆದು ಬಂದ ಪದ್ಧತಿ. ಈಗ ಎತ್ತಿನ ಗಾಡಿಯ ಜಾಗಕ್ಕೆ ಟ್ರ್ಯಾಕ್ಟರು, ಮೋಟಾರು ಸೈಕಲ್ಲು, ಜೀಪುಗಳು ಬಂದಿವೆ. ಆದುದರಿಂದ ಆ ಕೆಲಸಗಳ ಜೊತೆಗೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು: ಗಾಲಿಗಳ ಟಾಯರು ನೋಡಿಕೊಳ್ಳುವುದು. ಒಂದು ವರ್ಷ ಬೆಳೆ ಕೆಟ್ಟರೆ ಮುಂದಿನ ವರ್ಷ ಬಂದೀತು. ಜಾರಿ ಬಿದ್ದು ಹೋದ ಜೀವ ಮರಳಿ ಬಾರದು.

ನಮ್ಮ ಭಾಗದ ದಾರಿಗಳು ಒಂದೇ ಬಗೆಯವಲ್ಲ. ಜಹೀರಾಬಾದಿನ ಮೇಲೆ ಹೈದರಾಬಾದು-ಸೊಲ್ಲಾಪುರದ 65ನೆಯ ರಾಷ್ಟ್ರೀಯ ಹೆದ್ದಾರಿ ಹಾದುಹೋಗಿದೆ. ಅಲ್ಲಿ ಲಾರಿಗಳ ಓಟ ಹಗಲಿರುಳು ನಿಲ್ಲದು. ನಾರಾಯಣಖೇಡದ ಕಡೆ ಎರೆಯ ಹೊಲದಿಂದ ಹೊರಟ ಗಾಲಿ ಕೆಸರನ್ನು ಹೊತ್ತುಕೊಂಡೇ ಡಾಂಬರು ಏರುತ್ತದೆ. ತಾಂಡೂರಿನ ಸುತ್ತ ಹಾಸುಗಲ್ಲಿನ ಗಣಿಗಳ ಪುಡಿ ರಸ್ತೆಗೆ ಬಿದ್ದು, ಮೊದಲ ಮಳೆಗೆ ಕಲಸಿದ ಹಿಟ್ಟಿನಂತಾಗುತ್ತದೆ. ಸಂತೆಗೆಂದು, ಬೀದರ, ಚಿಂಚೋಳಿ, ಸೇಡಂ ಕಡೆಯ ಬೀಗರ ಮನೆಗೆಂದು ಹೊರಟವನು ಒಂದೇ ದಿನದಲ್ಲಿ ಕೆಸರು, ಮೊರಮು, ಡಾಂಬರು ಮೂರನ್ನೂ ದಾಟಬೇಕು. ಟಾಯರು ಕೊಳ್ಳುವಾಗ ಮೊದಲು ಯೋಚಿಸತಕ್ಕದ್ದು ಇದನ್ನೇ: ನನ್ನ ಗಾಡಿ ಹೆಚ್ಚಾಗಿ ಓಡುವುದು ಎಲ್ಲಿ?

ನೀರು ಜಾರಿಸುವ ಬಗೆ

ಮೋಟಾರು ಸೈಕಲ್ಲಿನ ಒಂದು ಗಾಲಿ ನೆಲಕ್ಕೆ ತಾಗುವ ಜಾಗ ನಮ್ಮ ಅಂಗೈಯಷ್ಟು ಮಾತ್ರ. ಅಷ್ಟರ ಮೇಲೆಯೇ ಗಂಡ, ಹೆಂಡತಿ, ಮಗು, ಸಂತೆಯ ಚೀಲ ಎಲ್ಲವೂ ನಿಂತಿರುತ್ತವೆ. ಮಳೆ ಬಂದಾಗ ಗಾಲಿಗೂ ರಸ್ತೆಗೂ ನಡುವೆ ನೀರು ಸೇರುತ್ತದೆ. ಹೊಲದಲ್ಲಿ ನಿಂತ ನೀರನ್ನು ಬಸಿಗಾಲುವೆ ಹೊರಗೆ ಹಾಕುವಂತೆ, ಟಾಯರಿನ ಮೇಲಿನ ಗೆರೆಗಳು ಈ ನೀರನ್ನು ಪಕ್ಕಕ್ಕೆ ಸಾಗಿಸುತ್ತವೆ. ಗೆರೆ ಸವೆದು ಟಾಯರು ಬೋಳಾದರೆ ನೀರಿಗೆ ದಾರಿಯಿಲ್ಲ. ಗಾಲಿಯೇ ನೀರಿನ ಮೇಲೇರಿ ತೇಲುತ್ತದೆ. ಆಗ ಬ್ರೇಕು ಒತ್ತಿದರೂ, ಹ್ಯಾಂಡಲು ತಿರುಗಿಸಿದರೂ ಗಾಡಿ ಮಾತು ಕೇಳುವುದಿಲ್ಲ.

ಅಮೆರಿಕದ ನಾಸಾ ಸಂಸ್ಥೆಯವರು 1960ರ ದಶಕದಲ್ಲಿ ಇದನ್ನು ಪರೀಕ್ಷಿಸಿ, ಗಾಲಿ ತೇಲುವ ವೇಗವು ಒಳಗಿನ ಹವಾದ ಒತ್ತಡವನ್ನು ಅವಲಂಬಿಸಿದೆ ಎಂದು ಕಂಡುಕೊಂಡರು. ಅವರ ಲೆಕ್ಕದಂತೆ, ಗೆರೆಗಳನ್ನು ಮುಚ್ಚುವಷ್ಟು ನೀರು ನಿಂತಿದ್ದರೆ, 30 ಪೌಂಡು ಹವಾ ಇರುವ ಜೀಪಿನ ಗಾಲಿ ಗಂಟೆಗೆ ಸುಮಾರು 90 ಕಿಲೋಮೀಟರಿನಲ್ಲಿ ತೇಲಿದರೆ, 20 ಪೌಂಡು ಇರುವುದು 75ರೊಳಗೇ ತೇಲುತ್ತದೆ. ಮಳೆಗಾಲದಲ್ಲಿ ಹವಾ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ಮಾತು ಹೊಲದ ಕೆಸರಿಗೆ ಸರಿ. ಡಾಂಬರು ರಸ್ತೆಗೆ ಅದು ಅಪಾಯ. ಹೊಲಕ್ಕೊಂದು ಹವಾ, ರಸ್ತೆಗೊಂದು ಹವಾ ಎಂಬುದನ್ನು ಮರೆಯಬಾರದು.

ಕೊಳ್ಳುವಾಗ

ನಮ್ಮ ಹೆದ್ದಾರಿಯ ಮೇಲೆಯೇ, ಸದಾಶಿವಪೇಟೆಯ ಬಳಿ, ಎಂ.ಆರ್.ಎಫ್. ಕಂಪನಿಯ ಟಾಯರು ಕಾರ್ಖಾನೆ ಇದೆ. ಬೇರೆ ಊರುಗಳಿಂದಲೂ ಹಲವು ಕಂಪನಿಗಳ ಮಾಲು ಬರುತ್ತದೆ. ಹೆಸರು ಯಾವುದೇ ಇರಲಿ, ಪಕ್ಕದಲ್ಲಿ ಅಚ್ಚಾದ ಗುರುತುಗಳನ್ನು ಓದಿಯೇ ಕೊಳ್ಳಬೇಕು. ಓದಲು ಬಾರದವರು ಶಾಲೆಗೆ ಹೋಗುವ ಮಕ್ಕಳನ್ನು ಜೊತೆಗೆ ಕರೆದೊಯ್ಯಲಿ.

ಮೊದಲನೆಯದು, ಅಳತೆ. ಹಳೆಯ ಟಾಯರಿನ ಮೇಲಿದ್ದ ಅಂಕಿಗಳೇ ಹೊಸದರ ಮೇಲೂ ಇರಬೇಕು. ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ 13.6-28, ಮುಂದಿನದಕ್ಕೆ 6.00-16 ಎಂಬಂಥ ಅಂಕಿಗಳನ್ನು ನೀವು ನೋಡಿರುತ್ತೀರಿ. ಎರಡನೆಯದು, ಹುಟ್ಟಿದ ದಿನ. ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಬಿಸಿಲಿನಲ್ಲಿ ಬಿದ್ದ ಟಾಯರಿನ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಗೆರೆ ಎಷ್ಟು ಆಳವಿದ್ದರೂ ಒದ್ದೆ ರಸ್ತೆಯನ್ನು ಅದು ಹಿಡಿಯದು. ಮೂರನೆಯದು, ಐ.ಎಸ್.ಐ. ಗುರುತು. ಮೋಟಾರು ಸೈಕಲ್ಲು, ಕಾರು, ಲಾರಿಗಳ ಟಾಯರಿಗೆ 2009ರ ಸರಕಾರಿ ಆಜ್ಞೆಯಂತೆ ಇದು ಕಡ್ಡಾಯ.

ಹಳೆಯದನ್ನು ಯಾವಾಗ ಬಿಡಬೇಕು? ಟಾಯರಿನ ಅಂಚಿನಲ್ಲಿ ಸಣ್ಣ ತ್ರಿಕೋನ ಅಥವಾ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳಿರುತ್ತವೆ. ಅದರ ನೇರಕ್ಕೆ ಗೆರೆಯೊಳಗೆ ಒಂದು ಸಣ್ಣ ರಬ್ಬರು ದಿಬ್ಬ ಕಾಣುವುದು. ಟಾಯರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಅದರ ಆಯುಷ್ಯ ಮುಗಿಯಿತು. ಕಾರು, ಜೀಪುಗಳಲ್ಲಿ ಆ ಮಟ್ಟ 1.6 ಮಿಲಿಮೀಟರು. ಮಳೆಗಾಲಕ್ಕೆ 3 ಮಿಲಿಮೀಟರು ಉಳಿದಿರುವಾಗಲೇ ಬದಲಿಸುವುದು ಜಾಣತನ.

ಟ್ರ್ಯಾಕ್ಟರಿನ ಟಾಯರಿನ ಎತ್ತರದ ರಬ್ಬರು ಪಟ್ಟಿಗಳು ಕೆಸರನ್ನು ಕಚ್ಚಲೆಂದು ಇರತಕ್ಕವು. ಡಾಂಬರಿನ ಮೇಲೆ ಆ ಪಟ್ಟಿಗಳ ತುದಿಯಷ್ಟೇ ತಾಗುವುದರಿಂದ ಹಿಡಿತ ಕಡಿಮೆ. ಹೊಸ ಟಾಯರು ಹಾಕಿದೆನೆಂಬ ಧೈರ್ಯದಿಂದ ಮಳೆಯಲ್ಲಿ ಟ್ರೇಲರು ಕಟ್ಟಿಕೊಂಡು ಜೋರಾಗಿ ಓಡಿಸಕೂಡದು. ರಸ್ತೆಗೆ ಬಂದಾಗ ಎರಡು ಬ್ರೇಕಿನ ಪೆಡಲುಗಳನ್ನು ಕೊಂಡಿ ಹಾಕಿ ಒಂದುಗೂಡಿಸಲೇಬೇಕು. ಒಂದೇ ಗಾಲಿ ನಿಂತರೆ ಟ್ರ್ಯಾಕ್ಟರು ಗಿರ್ರನೆ ತಿರುಗುತ್ತದೆ.

ಹಾಕಿಸುವಾಗ

ಒಂದು ಅಚ್ಚಿನ ಎರಡೂ ಗಾಲಿಗೆ ಒಂದೇ ಅಳತೆಯ, ಒಂದೇ ಮಾದರಿಯ ಟಾಯರು ಬೇಕು. ಹಣ ಸಾಲದೆ ಜೀಪಿಗೆ ಎರಡೇ ಹೊಸವು ತಂದರೆ ಅವನ್ನು ಹಿಂದಕ್ಕೆ ಹಾಕಿಸಿ. ಮುಂದಿನದು ಜಾರಿದರೆ ವೇಗ ಇಳಿಸಿ ಸಂಭಾಳಿಸಬಹುದು, ಹಿಂಭಾಗ ಜಾರಿದರೆ ಗಾಡಿಯೇ ಸುತ್ತಿಬಿಡುತ್ತದೆ. ಮೋಟಾರು ಸೈಕಲ್ಲಿನ ಹಿಂದಿನ ಟಾಯರನ್ನು ಮುಂದಕ್ಕೆ ಹಾಕಬಾರದು. ಪಕ್ಕದಲ್ಲಿ ಬಾಣದ ಗುರುತಿದ್ದರೆ ಗಾಲಿ ಮುಂದಕ್ಕೆ ಉರುಳುವ ದಿಕ್ಕಿಗೇ ಅದು ಇರಬೇಕು. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ದೊಡ್ಡ ಗಾಲಿಯ ಪಟ್ಟಿಗಳು ಗುಡಿಸಲಿನ ಸೂರಿನಂತೆ, ಚೂಪು ಮೇಲಾಗಿ ಕಾಣಬೇಕು. ತಲೆಕೆಳಗಾದರೆ ಕೆಸರು ಹೊರಗೆ ಹೋಗದೆ ಪಟ್ಟಿಗಳ ನಡುವೆಯೇ ತುಂಬಿಕೊಳ್ಳುತ್ತದೆ.

ರಿಮ್ಮಿನ ತುಕ್ಕು ಕೆರೆದು ತೆಗೆಯಿಸಿ. ಹೊಸ ಟಾಯರಿಗೆ ಹೊಸ ಟ್ಯೂಬೇ ಇರಲಿ. ಏರಿಸಲು ಸಾಬೂನು ನೀರು ಸಾಕು. ಗ್ರೀಸು, ಡೀಸೆಲು ಸವರಿದರೆ ರಬ್ಬರು ಕೆಡುತ್ತದೆ. ಲಾರಿ, ಟ್ರೇಲರುಗಳ ರಿಂಗು ಕೂಡಿಸುವ ರಿಮ್ಮಿಗೆ ಹವಾ ತುಂಬುವಾಗ ಎದುರಿಗೆ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರವೂ ಸುಳಿಯಬಾರದು. ಸರಿಯಾಗಿ ಕೂಡದ ರಿಂಗು ಗುಂಡಿನಂತೆ ಸಿಡಿದು ಪ್ರಾಣ ತೆಗೆಯುತ್ತದೆ.

ಹೊಸ ಟಾಯರಿನ ಮೈ ನುಣುಪಾಗಿರುತ್ತದೆ. ಮೊದಲ ನೂರೈವತ್ತು ಕಿಲೋಮೀಟರು ಮೆಲ್ಲನೆ ಓಡಿಸಿ, ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಹವಾ ಎಷ್ಟೆಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಿಕೆಯಲ್ಲಿದೆ. ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಹೊಲದಲ್ಲಿ 12 ಪೌಂಡಿನ ಆಸುಪಾಸು ಸಾಕಾಗುವುದು. ಭಾರ ಎಳೆಯುವಾಗ ಪುಸ್ತಿಕೆ ಹೇಳಿದಷ್ಟು ಹೆಚ್ಚಿಸಬೇಕು. ವಾರಕ್ಕೊಮ್ಮೆ, ಗಾಲಿ ತಣ್ಣಗಿರುವಾಗ, ಅಳೆಯಿಸುವುದು ಒಳ್ಳೆಯದು.

ನೆರೆಯವರ ಸಲುವಾಗಿ

ಹೊಲದಿಂದ ರಸ್ತೆಗೇರುವ ಮೊದಲು ಬದುವಿನ ಬಳಿ ನಿಂತು ಗಾಲಿಯ ಎರೆ ಮಣ್ಣನ್ನು ಗುದ್ದಲಿಯಿಂದ ಕೆರೆದು ಹಾಕಿರಿ. ನಮ್ಮ ಟ್ರ್ಯಾಕ್ಟರು ಉದುರಿಸಿದ ಹೆಂಟೆ ಮಳೆಗೆ ನೆನೆದು, ಹಿಂದೆ ಬರುವ ಮೋಟಾರು ಸೈಕಲ್ಲಿನವನನ್ನು ಕೆಡವುತ್ತದೆ. ಅವನು ನಮ್ಮೂರಿನ ಹುಡುಗನೇ ಆಗಿರಬಹುದು.

ಕಡೆಯದಾಗಿ, ಕಾಗಿಣಾ ನದಿಯಾಗಲಿ ಊರ ಹಳ್ಳವಾಗಲಿ ಸೇತುವೆಯ ಮೇಲೆ ಹರಿಯುತ್ತಿದ್ದರೆ ಎಂಥ ಹೊಸ ಟಾಯರೂ ಕಾಯಲಾರದು. ಒಂದು ಅಡಿ ಹರಿವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಎರಡು ಅಡಿ ಬಂದರೆ ಜೀಪೂ ಕೊಚ್ಚಿ ಹೋದೀತು. ನೀರು ಇಳಿಯುವ ತನಕ ಈಚೆ ದಂಡೆಯಲ್ಲೇ ಕುಳಿತಿರಿ. ಸಂತೆ ತಪ್ಪಿದರೆ ಮುಂದಿನ ವಾರ ಇನ್ನೊಂದು ಇದ್ದೇ ಇದೆ.