ಹೊಳೆಗಿಂತ ಮೊದಲು ಸುದ್ದಿ



ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿಂದ ಖಾನಾಪುರವನ್ನು ಹಾದು, ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟು ದಾಟಿ, ರಾಮದುರ್ಗದತ್ತ ಸಾಗುತ್ತದೆ. 2019ರ ಆಗಸ್ಟ್‌ನಲ್ಲಿ ಈ ಹೊಳೆ ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿತು. ಇಂಥ ವೇಳೆಯಲ್ಲಿ ಮೇಲಿನ ಮಳೆಯ ಸುದ್ದಿ ಕೆಳಗಿನವರಿಗೆ ನೀರಿಗಿಂತ ಮೊದಲೇ ಮುಟ್ಟಬೇಕು. ಹೇಗೆ? ಒಂದು ಏರ್ಪಾಡನ್ನು ಊಹಿಸಿಕೊಳ್ಳೋಣ: ಕಣಕುಂಬಿಯಲ್ಲಿ ಮಳೆಮಾಪಕ, ಬೆಳಗಾವಿಯಲ್ಲಿ ಸರ್ವರ್, ಊರೂರಿನ ಫೋನುಗಳಲ್ಲಿ ಬ್ರೌಸರ್.

ಕೇಳಿದರೆ ಮಾತ್ರ ಉತ್ತರ

ಎಚ್‌ಟಿಟಿಪಿ ಎಂಬ ನಿಯಮದಂತೆ ಬ್ರೌಸರ್ ಕೇಳಬೇಕು, ಸರ್ವರ್ ಉತ್ತರಿಸಬೇಕು. ಕೇಳದಿದ್ದರೆ ಸರ್ವರ್ ಸುಮ್ಮನಿರುತ್ತದೆ. ಹತ್ತು ಸೆಕೆಂಡಿಗೊಮ್ಮೆ ಕೇಳುತ್ತಿದ್ದರಾಯಿತಲ್ಲ ಎನ್ನಬಹುದು. ಆಗ ಒಂದು ಫೋನು ಗಂಟೆಗೆ 360 ಸಲ ಕೇಳುತ್ತದೆ. ಸಾವಿರ ಫೋನುಗಳು 3,60,000 ಸಲ! ಬಹುಪಾಲು ಉತ್ತರ ‘ಹೊಸದೇನೂ ಇಲ್ಲ’ ಎಂದೇ. ನೆರೆಯ ದಿನ ಎಲ್ಲರೂ ಒಟ್ಟಿಗೆ ಕೇಳತೊಡಗಿದರೆ ಸರ್ವರ್ ಬಳಲಿ ಕೂರುತ್ತದೆ.

ಚಂದಾದಾರರ ಉಪಾಯ

ದಿನಪತ್ರಿಕೆಗಾಗಿ ನಾವು ಮುದ್ರಣಾಲಯಕ್ಕೆ ಓಡುವುದಿಲ್ಲ. ಏಜೆಂಟರ ಬಳಿ ಹೆಸರು ಬರೆಸಿದರೆ ಸಾಕು, ಪತ್ರಿಕೆ ಮನೆಗೇ ಬರುತ್ತದೆ. ಇಲ್ಲಿಯೂ ಹಾಗೆಯೇ. ಮಳೆಮಾಪಕ ಪ್ರಕಾಶಕ, ಬ್ರೌಸರ್ ಚಂದಾದಾರ, ನಡುವೆ ಬ್ರೋಕರ್ ಎಂಬ ತಂತ್ರಾಂಶ. ಪ್ರತಿ ಸುದ್ದಿಗೂ ‘ಮಲಪ್ರಭಾ/ಕಣಕುಂಬಿ’ ಎಂಬಂಥ ವಿಷಯದ ಹೆಸರಿರುತ್ತದೆ. ಆ ವಿಷಯಕ್ಕೆ ಹೆಸರು ಬರೆಸಿದವರಿಗಷ್ಟೇ ಅದು ಹೋಗುತ್ತದೆ. ಓದುಗರು ಯಾರು, ಎಷ್ಟು ಮಂದಿ ಎಂಬುದು ಮಳೆಮಾಪಕಕ್ಕೆ ತಿಳಿದಿರಬೇಕಿಲ್ಲ. ದೂರದ ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು 1999ರಲ್ಲಿ ರೂಪಿಸಿದ ಎಂಕ್ಯೂಟಿಟಿ ಈ ಬಗೆಯದೇ.

ಮುಚ್ಚದ ಬಾಗಿಲು

ಸರ್ವರ್‌ನಿಂದ ಬ್ರೌಸರ್‌ಗೆ ಸುದ್ದಿ ಹರಿಯಲು ಎರಡು ಮುಖ್ಯ ದಾರಿಗಳಿವೆ. ಮೊದಲನೆಯದು ಸರ್ವರ್-ಸೆಂಟ್ ಈವೆಂಟ್ಸ್. ಬ್ರೌಸರ್ ಒಮ್ಮೆ ಕೇಳುತ್ತದೆ. ಸರ್ವರ್ ಉತ್ತರವನ್ನು ಮುಗಿಸದೆ, ಸುದ್ದಿ ಬಂದಂತೆಲ್ಲ ಸೇರಿಸುತ್ತ ಹೋಗುತ್ತದೆ. ಇದು ಒಮ್ಮುಖ ಸಂಚಾರ. ಎರಡನೆಯದು 2011ರಲ್ಲಿ ಮಾನಕವಾದ ವೆಬ್‌ಸಾಕೆಟ್. ಎಚ್‌ಟಿಟಿಪಿ ಕೋರಿಕೆಯಿಂದಲೇ ಆರಂಭವಾಗಿ, ಸರ್ವರ್ 101 ಎಂಬ ಸಂಕೇತದಿಂದ ಒಪ್ಪಿದ ಮೇಲೆ ಇಬ್ಬರೂ ಯಾವಾಗ ಬೇಕಾದರೂ ಮಾತಾಡಬಹುದು. ಮಳೆಯ ಲೆಕ್ಕ ತಿಳಿಸಲು ಮೊದಲನೆಯದೇ ಸಾಕು. ಊರಿನವರೂ ಸುದ್ದಿ ಕಳಿಸುತ್ತಿರಬೇಕಾದರೆ ಎರಡನೆಯದು ಅನುಕೂಲ.

ಮೌನವನ್ನು ನಂಬಬೇಡಿ

ಜೋರು ಮಳೆಯಲ್ಲೇ ವಿದ್ಯುತ್ತು, ಟವರು ಕೈಕೊಡುವುದು. ಸಂಪರ್ಕ ಕಡಿದರೆ ಸರ್ವರ್-ಸೆಂಟ್ ಈವೆಂಟ್ಸ್‌ನಲ್ಲಿ ಬ್ರೌಸರ್ ತಾನೇ ಮರಳಿ ಜೋಡಿಸಿಕೊಂಡು, ತನಗೆ ಕೊನೆಗೆ ಬಂದ ಸುದ್ದಿಯ ಸಂಖ್ಯೆಯನ್ನು ಹೇಳುತ್ತದೆ. ಸರ್ವರ್ ಸುದ್ದಿಗಳನ್ನು ಕೂಡಿಟ್ಟಿದ್ದರೆ ತಪ್ಪಿದವನ್ನು ಕೊಡಬಲ್ಲದು. ವೆಬ್‌ಸಾಕೆಟ್‌ನಲ್ಲಿ ಈ ಕೆಲಸವನ್ನು ನಾವೇ ಬರೆಯಬೇಕು.

ಇನ್ನೊಂದು ಮಾತು. ಪರದೆ ಬದಲಾಗದಿದ್ದರೆ ಮಳೆ ನಿಂತಿದೆಯೆಂದೇ ಅರ್ಥವಲ್ಲ, ತಂತಿ ಕಡಿದಿರಬಹುದು. ಆದ್ದರಿಂದ ಸುದ್ದಿಯಿಲ್ಲದಾಗಲೂ ‘ಇದ್ದೇನೆ’ ಎಂಬ ಸಣ್ಣ ಸಂದೇಶವನ್ನು ಆಗಾಗ ಕಳಿಸಬೇಕು. ಅದು ನಿಂತರೆ ಪರದೆಯ ಮೇಲೆ ‘ಸಂಪರ್ಕವಿಲ್ಲ’ ಎಂದು ಕೊನೆಯ ಸುದ್ದಿಯ ಗಂಟೆಯೊಡನೆ ತೋರಿಸಬೇಕು. ಹೊಳೆದಂಡೆಯವರಿಗೆ ಹಳೆಯ ಸುದ್ದಿಯನ್ನು ಹೊಸದೆಂದು ತೋರಿಸುವುದಕ್ಕಿಂತ ಅಪಾಯ ಬೇರಿಲ್ಲ.

ಯೋಚಿಸಿ ನೋಡಿ: ನಿಮ್ಮ ಕಾಲೇಜಿನ ಫಲಿತಾಂಶ ತಿಳಿಸಲು ಈ ಎರಡರಲ್ಲಿ ಯಾವ ದಾರಿ ತಕ್ಕುದು? ಏಕೆ?