ಮನೆಯ ಇಂಟರ್ನೆಟ್ಟು ನಡುನಡುವೆ ನಿಲ್ಲುವುದೇಕೆ?

ಸಾಯಂಕಾಲವಾಯಿತೆಂದರೆ ಇಂಟರ್ನೆಟ್ಟು ನಿಂತುಹೋಗುವುದೆಂಬ ದೂರು ಈಗ ಅನೇಕ ಮನೆಗಳಲ್ಲಿ ಕೇಳಿಬರುತ್ತಿದೆ. ಹುಡುಗಿಯ ಪಾಠವು ಅರ್ಧದಲ್ಲಿ ಕಡಿಯುವುದು; ಪರದೇಶದಲ್ಲಿರುವ ಮಗನ ಮುಖವು ಪರದೆಯ ಮೇಲೆ ಕಲ್ಲಿನ ವಿಗ್ರಹದಂತೆ ನಿಂತುಬಿಡುವುದು; ವೃದ್ಧರು ವೈದ್ಯರೊಡನೆ ಮಾತನಾಡುತ್ತಿರುವಾಗ ಔಷಧದ ಹೆಸರು ಬರುವ ಹೊತ್ತಿಗೆ ಸರಿಯಾಗಿ ಧ್ವನಿಯಡಗುವುದು. ಯಜಮಾನರು ಕಂಪೆನಿಯವರನ್ನು ಕರೆಯಿಸುವರು. ಅವರು ಬಂದು, ನೋಡಿ, ತಂತಿಯಲ್ಲಿ ದೋಷವಿಲ್ಲವೆಂದು ಹೇಳಿ ಹೋಗುವರು. ಹೆಚ್ಚು ಹಣ ತೆತ್ತು ಇನ್ನೂ ವೇಗದ ಸಂಪರ್ಕವನ್ನು ಪಡೆದರೂ ಕಾಟವು ತಪ್ಪದಿರುವುದುಂಟು. ಇಷ್ಟಾದರೂ ಮನೆಯೊಳಗೆ ಯಾರಾದರೂ ಟೊರೆಂಟು ನಡೆಯಿಸುತ್ತಿರುವರೇ ಎಂದು ವಿಚಾರಿಸುವವರು ಕಡಿಮೆ.

ಟೊರೆಂಟೆಂದರೆ ದೊಡ್ಡ ಕಡತಗಳನ್ನು ಜನರು ತಮ್ಮತಮ್ಮೊಳಗೆ ಹಂಚಿಕೊಳ್ಳುವ ಏರ್ಪಾಡು. ಅಮೆರಿಕದ ಬ್ರಾಮ್ ಕೋಹೆನ್ ಎಂಬವರು 2001ರಲ್ಲಿ ಬಿಟ್‌ಟೊರೆಂಟ್ ಎಂಬ ಹೆಸರಿನಿಂದ ಇದನ್ನು ಹೊರತಂದರು. ಇದರಲ್ಲಿ ಕಡತವು ಒಂದೇ ಸ್ಥಳದಿಂದ ಬರುವುದಿಲ್ಲ. ಅದನ್ನು ಸಣ್ಣ ತುಣುಕುಗಳಾಗಿ ಮಾಡಿ, ಹಲವು ಮಂದಿಯಿಂದ ಹಲವು ತುಣುಕುಗಳನ್ನು ತರಿಸಿಕೊಳ್ಳುವುದು. ಬಂದ ತುಣುಕನ್ನು ಕೂಡಲೇ ಇತರರಿಗೆ ಕೊಡುವುದು. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದರ ನ್ಯಾಯವು ಹೊಸದಲ್ಲ. ಇಂದು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ; ಕೊಡದವನಿಗೆ ಸಿಕ್ಕುವುದೂ ಕಡಿಮೆ. ಲಿನಕ್ಸ್, ಲಿಬ್ರೆ ಆಫೀಸ್ ಮೊದಲಾದ ಉಚಿತ ತಂತ್ರಾಂಶಗಳನ್ನು ಅವುಗಳ ಕರ್ತೃಗಳೇ ಈ ದಾರಿಯಿಂದ ಹಂಚುತ್ತಿರುವುದರಿಂದ ಪದ್ಧತಿಯನ್ನೇ ದೂಷಿಸಲಾಗದು. ಒಡೆಯರ ಅಪ್ಪಣೆಯಿಲ್ಲದೆ ಸಿನೆಮಾಗಳನ್ನು ಹಂಚುವುದು 1957ರ ಕೃತಿಸ್ವಾಮ್ಯದ ಕಾಯಿದೆಗೆ ವಿರುದ್ಧವಾದುದು. ಅದು ಬೇರೆ ಮಾತು.

ಕಷ್ಟವು ಹುಟ್ಟುವುದು ಈ ‘ಕೊಡುವ’ ಭಾಗದಲ್ಲಿ. ಮನೆಯೊಳಕ್ಕೆ ಬರುವ ದಾರಿಯು ರಾಜಬೀದಿಯಂತಿದ್ದರೂ ಹೊರಕ್ಕೆ ಹೋಗುವ ದಾರಿಯು ಎಷ್ಟೋ ಸಂಪರ್ಕಗಳಲ್ಲಿ ಹಿತ್ತಿಲ ಓಣಿಯಂತೆ ಇಕ್ಕಟ್ಟಾಗಿರುವುದು. ದೂರವಾಣಿಯ ತಾಮ್ರದ ತಂತಿಯ ಮೇಲೆ ನಡೆಯುವ ಹಳೆಯ ಎಡಿಎಸ್‌ಎಲ್ ಪದ್ಧತಿಯಲ್ಲಿ ಒಳಕ್ಕೆ ಸೆಕೆಂಡಿಗೆ 8 ಮೆಗಾಬಿಟ್ಟು ಬರಬಹುದಾದರೆ, ಹೊರಕ್ಕೆ ಹೋಗುವುದು 1 ಮೆಗಾಬಿಟ್ಟಿನ ಆಸುಪಾಸು ಮಾತ್ರ. ಆ ಓಣಿಯಲ್ಲಿ ಟೊರೆಂಟಿನ ಹುಲ್ಲುಬಂಡಿಗಳು ಸಾಲಾಗಿ ನಿಂತರೆ ವೈದ್ಯರ ಮನೆಗೆ ಓಡಬೇಕಾದವನೂ ಹಿಂದೆಯೇ ನಿಲ್ಲಬೇಕಷ್ಟೆ. ಒಳಕ್ಕೆ ಬರುವ ಪುಟಗಳಾದರೂ ಈ ತೊಂದರೆಯಿಂದ ಪಾರಾಗವು. ಲಕೋಟೆ ತಲುಪಿತೆಂದು ಸಹಿ ಮಾಡಿ ಚೀಟಿಯನ್ನು ಹಿಂದಿರುಗಿಸುವಂತೆ, ಬಂದ ವಿಷಯಕ್ಕೆಲ್ಲ ನಮ್ಮ ಕಂಪ್ಯೂಟರು ರಸೀತಿ ಕಳುಹಿಸುತ್ತಿರಬೇಕು. ರಸೀತಿ ತಡವಾದರೆ ಕಳುಹಿಸುವವನೂ ಕೈತಡೆಯುವನು.

ಸಾಲು ಇಷ್ಟು ಉದ್ದವಾಗುವುದಕ್ಕೆ ಇನ್ನೊಂದು ಕಾರಣವುಂಟು. ಏನೊಂದೂ ಕಳೆದುಹೋಗದಿರಲೆಂದು ತಯಾರಕರು ಮೋಡೆಮು, ರೌಟರುಗಳಲ್ಲಿ ಬಫರೆಂಬ ದೊಡ್ಡ ತಂಗುದಾಣವನ್ನು ಇಟ್ಟಿರುವರು. 256 ಕಿಲೋಬೈಟಿನ ಒಂದು ಬಫರು ತುಂಬಿದೆಯೆಂದಿಟ್ಟುಕೊಳ್ಳೋಣ. ಸೆಕೆಂಡಿಗೆ 1 ಮೆಗಾಬಿಟ್ಟು ಸಾಗುವ ಓಣಿಯಲ್ಲಿ ಅದು ಬರಿದಾಗುವುದಕ್ಕೆ ಎರಡು ಸೆಕೆಂಡು ಬೇಕು. ಎರಡು ಸೆಕೆಂಡು ತಡವಾದ ಮಾತು ಸಂಭಾಷಣೆಯೆನಿಸದು. ಜಿಮ್ ಗೆಟ್ಟಿಸ್ ಎಂಬ ಅಮೆರಿಕದ ಗಣಕತಜ್ಞರು 2010ರಲ್ಲಿ ತಮ್ಮ ಮನೆಯಿಂದ ದೊಡ್ಡ ಕಡತವೊಂದನ್ನು ಕಳುಹಿಸುತ್ತಿರುವಾಗ ಇದೇ ತೊಂದರೆಯನ್ನು ಕಂಡು, ಅದರ ಮೂಲವನ್ನು ಶೋಧಿಸಿ, ಬಫರ್‌ಬ್ಲೋಟ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ಇಂತಹ ತಜ್ಞರ ಮನೆಯಲ್ಲಿಯೇ ಹೀಗಿದ್ದ ಮೇಲೆ ನಮ್ಮಂಥವರ ಪಾಡೇನು!

ಹೊರದಾರಿ ಅಗಲವಾಗಿರುವ ಗಾಜಿನೆಳೆಯ ಸಂಪರ್ಕದಲ್ಲಿಯೂ ಬೇರೊಂದು ತೊಡಕುಂಟು. ಮನೆಯಿಂದ ಹೊರಟ ಒಂದೊಂದು ಸಂಪರ್ಕವನ್ನೂ ರೌಟರು ತನ್ನ ಪಟ್ಟಿಯಲ್ಲಿ ಬರೆದಿಡುವುದು. ಪತ್ರಿಕೆಯ ಪುಟವನ್ನು ತೆರೆದರೆ ಕೆಲವು ಹತ್ತು ಸಂಪರ್ಕಗಳು. ಟೊರೆಂಟಾದರೆ ನೂರಾರು, ಕೆಲವೊಮ್ಮೆ ಸಾವಿರ. ಅಗ್ಗದ ರೌಟರಿನ ಪಟ್ಟಿ ತುಂಬಿದೊಡನೆ ಹೊಸಬರಿಗೆ ಸ್ಥಳವಿಲ್ಲ. ದೀಪಗಳೆಲ್ಲವೂ ಉರಿಯುತ್ತಿರುವುವು, ಮೊದಲೇ ನಡೆಯುತ್ತಿದ್ದ ಡೌನ್‌ಲೋಡೂ ನಡೆಯುತ್ತಿರುವುದು, ಹೊಸ ಪುಟ ಮಾತ್ರ ತೆರೆಯದು. ರೌಟರನ್ನು ಆರಿಸಿ ಹೊತ್ತಿಸಿದರೆ ಪಟ್ಟಿ ಅಳಿಸಿ ಎಲ್ಲವೂ ನೆಟ್ಟಗಾಗುವುದು. ಒಂದು ಗಂಟೆಯ ಮೇಲೆ ಪುನಃ ಮೊದಲಿನಂತೆಯೇ. ಇದನ್ನು ಕಂಡ ಗೃಹಸ್ಥರು ರೌಟರು ಕೆಟ್ಟಿದೆಯೆಂದೇ ತಿಳಿಯುವರು.

ನಮ್ಮ ಪರಿಚಯದ ಒಂದು ಮನೆಯಲ್ಲಿ ಈ ವಿಷಯವಾಗಿ ತಂದೆಗೂ ಮಗನಿಗೂ ಒಂದು ವಾರ ಮಾತಿರಲಿಲ್ಲ. ಡೌನ್‌ಲೋಡು ಮುಗಿದು ಎರಡು ದಿನವಾಯಿತೆಂದು ಹುಡುಗನು ಹೇಳಿದನು, ತಂದೆಯು ನಂಬಲಿಲ್ಲ. ಹುಡುಗನ ಮಾತು ನಿಜವಾಗಿದ್ದಿತು. ಆದರೆ ಕಡತವು ಬಂದು ಮುಗಿದ ಮೇಲೆಯೂ ಟೊರೆಂಟು ಅದನ್ನು ಇತರರಿಗೆ ಕೊಡುತ್ತಲೇ ಇರುವುದು. ಕಿಟಕಿಯ ಮೂಲೆಯ ಗುರುತನ್ನು ಒತ್ತಿದರೆ ಎಷ್ಟೋ ತಂತ್ರಾಂಶಗಳಲ್ಲಿ ಮರೆಯಾಗುವುದು ಕಿಟಕಿ ಮಾತ್ರ, ಕೆಲಸ ನಿಲ್ಲದು. ಪರದೆಯ ಕೆಳಮೂಲೆಯ ಸಣ್ಣ ಚಿತ್ರದಿಂದ ‘ನಿರ್ಗಮಿಸು’ ಎಂದು ಹೇಳಿದ ಮೇಲೆಯೇ ಅದು ನಿಜವಾಗಿ ನಿಲ್ಲುವುದು. ಮಕ್ಕಳ ಮೇಲೆ ಸುಳ್ಳಿನ ಆರೋಪ ಹೊರಿಸುವುದಕ್ಕೆ ಮುಂಚೆ ತಾಯಿತಂದೆಗಳು ಇದನ್ನು ನೋಡತಕ್ಕದ್ದು.

ಪರೀಕ್ಷೆಯು ಸುಲಭ. ಕಂಪ್ಯೂಟರಿನ ಆಜ್ಞೆಯ ಕಿಟಕಿಯಲ್ಲಿ ಪಿಂಗ್ ಎಂಬ ಆಜ್ಞೆಯನ್ನು 8.8.8.8 ಎಂಬ ವಿಳಾಸಕ್ಕೆ ಕೊಟ್ಟರೆ, ಉತ್ತರ ಬರಲು ಎಷ್ಟು ಮಿಲಿಸೆಕೆಂಡು ಹಿಡಿಯಿತೆಂಬುದು ಕಾಣುವುದು. ಟೊರೆಂಟು ನಡೆಯುವಾಗ ನೂರಾರು, ಅದನ್ನು ನಿಲ್ಲಿಸಿದಾಗ ಕೆಲವು ಹತ್ತು ಮಾತ್ರವಾದರೆ ಕಾರಣವು ತಿಳಿದಂತೆಯೇ. ನಿಲ್ಲಿಸಿದ ಮರುಕ್ಷಣದಲ್ಲಿ ತೀರ್ಮಾನಿಸಕೂಡದು. ಹೊರಗಿನವರು ಇನ್ನೂ ಕೆಲವು ನಿಮಿಷ ಬಾಗಿಲು ತಟ್ಟುತ್ತಿರುವರು, ರೌಟರಿನ ಪಟ್ಟಿಯೂ ಮೆಲ್ಲಗೆ ಬರಿದಾಗುವುದು. ಕಾಲು ಗಂಟೆ ಕಾಯುವುದು ಒಳ್ಳೆಯದು. ಇದೇ ಆಜ್ಞೆಯನ್ನು ರೌಟರಿನ ವಿಳಾಸಕ್ಕೂ ಕೊಟ್ಟು ನೋಡಬೇಕು; ಅಲ್ಲಿಂದಲೇ ಉತ್ತರ ತಡವಾದರೆ ದೋಷವು ವೈ-ಫೈಯಲ್ಲಿಯೋ ರೌಟರಿನಲ್ಲಿಯೋ ಇರುವುದು.

ಟೊರೆಂಟನ್ನು ಮನೆಯಿಂದ ಹೊರಗಟ್ಟಬೇಕೆಂದು ನಾವು ಹೇಳುವುದಿಲ್ಲ. ಅದಕ್ಕೆ ಮಿತಿಯನ್ನು ಇಟ್ಟರೆ ಸಾಕು. ಮೊದಲು ಹೊರದಾರಿಯ ವೇಗವನ್ನು ಅಳೆದು, ಅದರ ನೂರಕ್ಕೆ 80ರಷ್ಟನ್ನು ಮಾತ್ರ ಟೊರೆಂಟಿನ ಅಪ್‌ಲೋಡಿಗೆ ಕೊಡಬೇಕು. ಇಲ್ಲಿ ಅನೇಕರು ಎಡವುವರು. ಕಂಪೆನಿಯವರು ಹೇಳುವುದು ಬಿಟ್ಟಿನ ಲೆಕ್ಕ, ತಂತ್ರಾಂಶವು ಸಾಮಾನ್ಯವಾಗಿ ಕೇಳುವುದು ಬೈಟಿನ ಲೆಕ್ಕ; 8 ಬಿಟ್ಟಿಗೆ ಒಂದು ಬೈಟು. ಹೊರದಾರಿಯು 10 ಮೆಗಾಬಿಟ್ಟಾದರೆ ಅದು 1250 ಕಿಲೋಬೈಟು, ಮಿತಿಯು 1000. ಅಪ್‌ಲೋಡನ್ನು ಪೂರ್ತಿ ತಡೆಯುವೆವೆಂದು ಸೊನ್ನೆಯನ್ನು ಬರೆಯಬಾರದು. ಹಲವು ತಂತ್ರಾಂಶಗಳಲ್ಲಿ ಸೊನ್ನೆಯೆಂದರೆ ಮಿತಿಯಿಲ್ಲವೆಂದರ್ಥ! ಬಳಿಕ ಒಟ್ಟು ಸಂಪರ್ಕಗಳ ಸಂಖ್ಯೆಯನ್ನು 100ಕ್ಕೆ ಇಳಿಸಿ ನೋಡಬೇಕು. ಪಾಠದ ಹೊತ್ತಿನಲ್ಲಿ ಬಿಗಿಯಾದ ಮಿತಿ, ಮಲಗಿದ ಮೇಲೆ ಸಡಿಲವಾದ ಮಿತಿ ಎಂದು ವೇಳಾಪಟ್ಟಿಯನ್ನು ಇಡುವ ಸೌಕರ್ಯವೂ ಕೆಲವು ತಂತ್ರಾಂಶಗಳಲ್ಲಿದೆ.

ಹೊಸ ರೌಟರನ್ನೇ ಕೊಳ್ಳುವವರು ‘ಸ್ಮಾರ್ಟ್ ಕ್ಯೂ’ ಎಂಬ ಏರ್ಪಾಡು ಇರುವುದನ್ನು ಕೇಳಿ ಕೊಳ್ಳಲಿ. ಸಾಲು ಬೆಳೆಯದಂತೆ ತಡೆಯುವ ಕೋಡೆಲ್ ಎಂಬ ವಿಧಾನವನ್ನು ಕ್ಯಾತ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್‌ಸನ್ ಎಂಬಿಬ್ಬರು 2012ರಲ್ಲಿ ಪ್ರಕಟಿಸಿದರು. ಈ ಏರ್ಪಾಡುಗಳಲ್ಲಿ ಹಲವು ಅದರಿಂದಲೇ ಹುಟ್ಟಿದವು.

ಎಲ್ಲ ಸಲವೂ ತಪ್ಪು ಮನೆಯೊಳಗೇ ಇರುವುದೆಂದು ಭಾವಿಸಬೇಕಾದುದಿಲ್ಲ. ಅಮೆರಿಕದಲ್ಲಿ ಕಾಮ್‌ಕಾಸ್ಟ್ ಎಂಬ ದೊಡ್ಡ ಕಂಪೆನಿಯು ಗಿರಾಕಿಗಳ ಟೊರೆಂಟು ಸಂಪರ್ಕಗಳನ್ನು ಗುಟ್ಟಾಗಿ ಕಡಿಯುತ್ತಿದ್ದುದು 2007ರಲ್ಲಿ ಬಯಲಾಯಿತು. ಅಲ್ಲಿಯ ಸರಕಾರದ ಸಂಪರ್ಕ ಆಯೋಗವು 2008ರಲ್ಲಿ ಅದನ್ನು ಖಂಡಿಸಿತು. ಟೊರೆಂಟನ್ನು ಪೂರ್ತಿ ನಿಲ್ಲಿಸಿದ ಮೇಲೆಯೂ, ರೌಟರಿಗೆ ನೇರವಾಗಿ ತಂತಿ ಜೋಡಿಸಿ ನೋಡಿದಾಗಲೂ ಸಂಪರ್ಕವು ಕಡಿಯುತ್ತಿದ್ದರೆ, ಅಥವಾ ಸಂಪರ್ಕದ ದೀಪವೇ ಆರಿದರೆ, ಇಲ್ಲವೆ ಗಾಜಿನೆಳೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಹೊತ್ತಿದರೆ, ದೋಷವು ಹೊರಗಿನದೆಂದು ಎಣಿಸಬಹುದು. ಆಗ ನಿಂತ ಹೊತ್ತು, ದೀಪದ ಬಣ್ಣ, ಪಿಂಗಿನ ಅಂಕಿ ಇವಿಷ್ಟನ್ನು ಎರಡು ಮೂರು ದಿನ ಒಂದು ಕಾಗದದಲ್ಲಿ ಬರೆದಿಟ್ಟು, ಕಂಪೆನಿಯ ಆಳು ಬಂದಾಗ ಅವನ ಕೈಗೆ ಕೊಡತಕ್ಕದ್ದು.